ಲಾರಿ ಗುದ್ದಿದ ಮೇಲೆ ಕೇರಿ ಏನು ಮಾಡಬೇಕು?



ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಅಥಣಿಯಿಂದ ಕಾಗವಾಡ, ಕಾಗವಾಡದಿಂದ ಮಿರಜ, ರಾಯಬಾಗದಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ನಿಪ್ಪಾಣಿ. ಎಲ್ಲಿ ನೋಡಿದರೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಮನೆ ಎತ್ತರ ಹೇರಿದ ಲಾರಿಗಳು. ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಹೇರಿದ ಕಬ್ಬಿನ ಮ್ಯಾಲೆ ಮನುಷ್ಯರು, ಮಕ್ಕಳು, ಅಡಿಗೆಯ ಬೋಗುಣಿ. ಆ ಮನುಷ್ಯರು ಯಾರು, ಯಾವ ಓಣಿಯವರು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಇತ್ತ ನಿಪ್ಪಾಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಹಗಲು ರಾತ್ರಿ ಎನ್ನದೆ ಓಡುತ್ತದೆ. ತವಂದಿ ಘಾಟಿನ ಇಳಿಜಾರಿನಲ್ಲಿ ಕಂಟೇನರುಗಳು ಬ್ರೇಕ್ ಹಿಡಿಯದೆ ಬರುತ್ತವೆ. ರಸ್ತೆ ದಾಟುವವರು, ಸೈಕಲ್ಲಿನವರು, ಬೀಡಿ ಕಟ್ಟಿ ಮನೆಗೆ ಹೊರಟ ಹೆಂಗಸರು ಅವುಗಳ ಎದುರಿಗೆ ಸಿಗುತ್ತಾರೆ.

ಆಮೇಲೆ ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ. ‘ಲಾರಿ ಡಿಕ್ಕಿ: ಇಬ್ಬರ ಸಾವು’. ಐದನೇ ಸಾಲಿನಲ್ಲಿ ಏನಾಗುತ್ತದೆ ಎಂಬುದನ್ನು ಯಾವ ಪೇಪರೂ ಬರೆಯುವುದಿಲ್ಲ. ಈ ಸಂಚಿಕೆಯ ಸಂಪಾದಕೀಯ ಆ ಐದನೇ ಸಾಲಿನ ಬಗ್ಗೆ.

ಮೊನ್ನೆ ಕಾಗವಾಡ ಕಡೆಯ ಒಂದು ಕೇರಿಗೆ ಸಭೆಗೆಂದು ಹೋಗಿದ್ದೆವು. ಸಭೆ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ‘ತಮ್ಮಾ, ಇದರಾಗ ಏನ್ ಬರದಾರ, ಒಂದೀಟ ಓದಿ ಹೇಳ್ರಿ’ ಅಂದಳು. ಚೀಲದಲ್ಲಿ ಮರಾಠಿಯಲ್ಲಿದ್ದ ಮಿರಜ ದವಾಖಾನೆಯ ಕಾಗದ, ಪೋಸ್ಟ್‌ಮಾರ್ಟಂ ವರದಿಯ ಮಸುಕಾದ ಝೆರಾಕ್ಸು, ಒಂದು ಸ್ಟ್ಯಾಂಪ್ ಪೇಪರು. ಗಂಡ ಕಬ್ಬು ಕಡಿಯುವ ಗ್ಯಾಂಗಿನವನು, ವಯಸ್ಸು ಮೂವತ್ತೆರಡು. ಖಾಲಿ ಟ್ರೇಲರಿನಲ್ಲಿ ಕೂತು ಗದ್ದೆಗೆ ಹೊರಟಿದ್ದಾಗ ಹಿಂದಿನಿಂದ ಬಂದ ಲಾರಿ ಗುದ್ದಿದೆ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದದ್ದು ಇಷ್ಟೇ: ಐವತ್ತು ಸಾವಿರ ರೂಪಾಯಿ ಮುಟ್ಟಿದೆ, ಇನ್ನು ಯಾರ ಮೇಲೂ ಯಾವ ತಕರಾರೂ ಇಲ್ಲ. ಕೆಳಗೆ ಅವಳ ಹೆಬ್ಬೆಟ್ಟು. ‘ಮುಕಾದಮ ಅಂದ, ಕೋರ್ಟು ಕಚೇರಿ ಅಂತ ಅಡ್ಡಾಡಿದ್ರ ಇದೂ ಸಿಗೂದಿಲ್ಲ ಯಕ್ಕಾ ಅಂತ. ಒತ್ತೀನಿ.’

ಆ ಐವತ್ತು ಸಾವಿರದಲ್ಲೂ ಹಂಗಾಮಿನ ಮುಂಗಡ ಮುರಿದುಕೊಂಡು ಕೊಟ್ಟಿದ್ದರು!

ನಾವು ಬಿ.ಎ. ಮಾಡಿದವರು, ಕವಿತೆ ಬರೆಯುವವರು. ಆ ಕಾಗದಗಳನ್ನು ಕೈಯಲ್ಲಿ ಹಿಡಿದು ಅರ್ಧ ತಾಸು ಏನೂ ಹೇಳಲಾರದೆ ಕೂತೆವು. ಆ ನಾಚಿಕೆಯಿಂದ ಈ ಬರಹ. ವಕೀಲರನ್ನು ಕೇಳಿ, ಪುಸ್ತಕ ನೋಡಿ, ತಿಳಿದುಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇವೆ. ಹಾಸ್ಟೆಲಿನಲ್ಲಿರುವ ನೀವು ಕೇರಿಯ ಮೊದಲ ಓದು ಬಲ್ಲವರು. ನಿಮ್ಮ ಪದವಿ ನೌಕರಿ ತಂದೀತೋ ಇಲ್ಲವೋ, ಒಂದು ಎಫ್.ಐ.ಆರ್. ಓದಿ ಹೇಳುವುದಕ್ಕಾದರೂ ಬರಲಿ.

ಮೊದಲ ಮಾತು. ಹೆಬ್ಬೆಟ್ಟಿನ ಆ ಕಾಗದದಿಂದ ಎಲ್ಲ ಮುಗಿಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ ಊರ ಹಿರಿಯರು ರಾಜಿ ಮಾಡಿ ಮುಗಿಸುವಂಥದ್ದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನ ಕೆಳಗೆ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಹಿಂದೆ ಇದೇ 304ಎ ಆಗಿತ್ತು, ಎರಡು ವರ್ಷ ಇತ್ತು. ಇನ್ನು ಪರಿಹಾರದ ಹಕ್ಕು ಬೇರೆಯೇ ದಾರಿ. ಅದು 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮು. ಅದನ್ನು ಕೇಳಬೇಕಾದ ಜಾಗ ಪೊಲೀಸ್ ಠಾಣೆ ಅಲ್ಲ, ಪಂಚರ ಕಟ್ಟೆ ಅಲ್ಲ, ಕಾರಖಾನೆಯ ಗೇಟೂ ಅಲ್ಲ. ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿ. ಹೆಸರು ದೊಡ್ಡದು, ಜಾಗ ನಿಮಗೆ ಗೊತ್ತಿರುವುದೇ. ಚಿಕ್ಕೋಡಿ, ರಾಯಬಾಗ, ಅಥಣಿಯ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟುಗಳೇ ಆ ಕೆಲಸ ಮಾಡುತ್ತವೆ. ಅಪಘಾತ ಆದ ಕಡೆಯೇ ಹೋಗಬೇಕೆಂದಿಲ್ಲ. ಸತ್ತವನ ಮನೆಯವರು ವಾಸವಾಗಿರುವ ಕಡೆಯೂ ಅರ್ಜಿ ಹಾಕಬಹುದು. ಇದು ನಮ್ಮ ಗಡಿಸೀಮೆಯವರಿಗೆ ಬಹಳ ಮುಖ್ಯ. ಸಾಂಗಲಿಯಲ್ಲಿ ಸತ್ತರೂ, ಕೊಲ್ಲಾಪುರದಲ್ಲಿ ಸತ್ತರೂ, ಲಾರಿ ಎಂ.ಎಚ್. 09 ಇರಲಿ ಎಂ.ಎಚ್. 10 ಇರಲಿ, ಅಥಣಿಯ ಹೆಣ್ಣುಮಗಳು ಅಥಣಿಯಲ್ಲೇ ಕೇಳಬಹುದು.

ಎರಡನೇ ಮಾತು, ದಿನದ ಲೆಕ್ಕ. ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು 1994ರಲ್ಲಿ ಸಂಸತ್ತು ತೆಗೆದುಹಾಕಿತ್ತು. 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬಡವರು ಹನ್ನೊಂದನೆಯ ದಿನದ ಕಾರ್ಯ ಮುಗಿಸಿ, ಸಾಲ ಹೊಂದಿಸಿ, ಯಾರನ್ನು ಕೇಳಬೇಕೆಂದು ತಿಳಿಯುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ ಎಂಬುದು ದಿಲ್ಲಿಯಲ್ಲಿ ಕೂತವರಿಗೆ ಹೊಳೆಯಲಿಲ್ಲವೇ, ಹೊಳೆದೇ ಹೀಗೆ ಮಾಡಿದರೇ? ಈ ಗಡುವಿನ ವಿರುದ್ಧದ ದಾವೆ ಸುಪ್ರೀಂ ಕೋರ್ಟಿನ ಮುಂದೆ ಬಂದಿದೆ. 2025ರ ನವೆಂಬರಿನಲ್ಲಿ ಕೋರ್ಟು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಆದ್ದರಿಂದ ಆರು ತಿಂಗಳು ದಾಟಿದವರೂ ಕೈಚೆಲ್ಲಿ ಕೂಡಬೇಡಿ, ಅರ್ಜಿ ಹಾಕಿ. ಆದರೆ ಮಧ್ಯಂತರ ಆದೇಶ ಎಂಬುದು ಬಾಡಿಗೆ ಮನೆ ಇದ್ದ ಹಾಗೆ, ಅದನ್ನು ನಂಬಿ ಇನ್ನೂ ದಿನ ಇರುವವರು ಸುಮ್ಮನಿರಬಾರದು. ಅಪಘಾತದ ದಿನವನ್ನು ಗೋಡೆಯ ಮೇಲೆ ಬರೆಯಿರಿ, ಆರು ತಿಂಗಳ ಮುಂದಿನ ದಿನವನ್ನೂ ಅದರ ಬಾಜೂಕ ಬರೆಯಿರಿ.

ಈಗ ಅಪಘಾತದ ಜಾಗಕ್ಕೆ ಬರೋಣ. ಇಲ್ಲಿ ನಮ್ಮ ಹುಡುಗರಿಗೆ ಒಂದು ಮಾತು ಹೇಳಬೇಕಾಗಿದೆ, ಸಿಟ್ಟಾದರೂ ಪರವಾಗಿಲ್ಲ. ಲಾರಿ ಗುದ್ದಿತೆಂದರೆ ನಾವು ಮಾಡುವುದೇನು? ಡ್ರೈವರನನ್ನು ಹಿಡಿದು ಬಡಿಯುವುದು, ಗಾಜು ಒಡೆಯುವುದು, ಬೆಂಕಿ ಹಚ್ಚುವುದು. ಆ ಬೆಂಕಿಯಲ್ಲಿ ಸುಡುವುದು ಮಾಲೀಕನ ಆಸ್ತಿ ಅಲ್ಲ, ಅವನಿಗೆ ವಿಮೆ ಬರುತ್ತದೆ. ಸುಡುವುದು ನಮ್ಮ ಸಾಕ್ಷಿ. ಬ್ರೇಕ್ ಇತ್ತೋ ಇಲ್ಲವೋ, ಟೈರು ಸವೆದಿತ್ತೋ, ಹಿಂದೆ ದೀಪ ಇತ್ತೋ ಎಂಬುದನ್ನು ಆ ಗಾಡಿಯೇ ಹೇಳಬೇಕು. ಮರುದಿನ ಕೇಸು ಬೀಳುವುದೂ ನಮ್ಮ ಹುಡುಗರ ಮೇಲೆಯೇ. ಡ್ರೈವರನೂ ಬಹಳ ಸಲ ನಮ್ಮಂಥವನೇ ಇರುತ್ತಾನೆ, ಎರಡು ದಿನ ನಿದ್ದೆ ಇಲ್ಲದೆ ಓಡಿಸಿದವನು. ಅವನು ಓಡಿಹೋದರೆ ಅವನ ಹೆಸರು, ಲೈಸೆನ್ಸು ಎರಡೂ ಹೋದವು.

ಅದರ ಬದಲು ಒಬ್ಬನು 112ಕ್ಕೆ ಫೋನ್ ಹಚ್ಚಲಿ. ಗಾಯಾಳುವನ್ನು ದವಾಖಾನೆಗೆ ಒಯ್ದವರನ್ನು ಪೊಲೀಸರು ಸಾಕ್ಷಿಯಾಗೆಂದು ಬಲವಂತ ಮಾಡುವಂತಿಲ್ಲ, 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ. ಇನ್ನೊಬ್ಬನು ಮೊಬೈಲ್ ತೆಗೆದು ಫೋಟೋ ಹೊಡೆಯಲಿ: ನಂಬರ್ ಪ್ಲೇಟು, ಟ್ರೇಲರಿನ ನಂಬರೂ ಸೇರಿ, ರಸ್ತೆಯ ಮೇಲಿನ ಟೈರಿನ ಗುರುತು, ಗಾಡಿ ನಿಂತ ರೀತಿ, ಹಿಂದಿನ ದೀಪ, ರಿಫ್ಲೆಕ್ಟರು ಇಲ್ಲದ್ದು, ರಸ್ತೆಯ ಗುಂಡಿ. ಮೊಬೈಲಿನ ಎಂ-ಪರಿವಾಹನ್‌ನಲ್ಲಿ ನಂಬರ್ ಹಾಕಿದರೆ ಗಾಡಿಯ ವಿಮೆ ಯಾವ ಕಂಪನಿಯದು, ಯಾವ ತಾರೀಖಿನವರೆಗೆ ಇದೆ, ಫಿಟ್‌ನೆಸ್ ಮುಗಿದಿದೆಯೋ ಗೊತ್ತಾಗುತ್ತದೆ. ಹೆದ್ದಾರಿಯಾದರೆ ಟೋಲ್ ನಾಕೆಯ ಕ್ಯಾಮೆರಾ ಇದೆ, ಪೆಟ್ರೋಲ್ ಬಂಕಿನ, ಧಾಬಾದ ಕ್ಯಾಮೆರಾ ಇದೆ. ಅವುಗಳಲ್ಲಿನ ಚಿತ್ರ ಕೆಲವು ದಿನದಲ್ಲಿ ತಾನೇ ಅಳಿಸಿಹೋಗುತ್ತದೆ. ಕೂಡಲೇ ಠಾಣೆಗೆ ಬರಹದಲ್ಲಿ ಅರ್ಜಿ ಕೊಟ್ಟು, ಅದನ್ನು ವಶಪಡಿಸಿಕೊಳ್ಳಿ ಎಂದು ಕೇಳಿ. ಕಬ್ಬಿನ ಗಾಡಿಯಾದರೆ ಕಾರಖಾನೆಯ ತೂಕದ ಚೀಟಿ ಇರುತ್ತದೆ. ಎಷ್ಟು ಟನ್ ಹೇರಿದ್ದರು ಎಂಬುದನ್ನು ಅದೇ ಹೇಳುತ್ತದೆ. ಸರಕಿನ ಲಾರಿಯಾದರೆ ಸರಕಿನ ಬಿಲ್ಲು, ಫಾಸ್ಟ್ಯಾಗಿನ ದಾಖಲೆ ಇರುತ್ತವೆ. ಡ್ರೈವರ ಎಷ್ಟು ತಾಸು ನಿಲ್ಲದೆ ಓಡಿಸಿದ್ದಾನೆ ಎಂಬುದು ಅಲ್ಲಿಂದ ಬಯಲಿಗೆ ಬರುತ್ತದೆ. ಬೈಕಿನ ಅಪಘಾತಕ್ಕೂ ಲಾರಿಯ ಅಪಘಾತಕ್ಕೂ ಇದೇ ವ್ಯತ್ಯಾಸ. ಲಾರಿ ಎಲ್ಲಿ ಹೋದರೂ ಹಿಂದೆ ಕಾಗದ ಬಿಟ್ಟು ಹೋಗುತ್ತದೆ.

ಠಾಣೆಯಲ್ಲಿ ದೂರು ಯಾರು ಕೊಡುತ್ತಾರೆ ಎಂಬುದರ ಮೇಲೆ ಕೇಸಿನ ಅರ್ಧ ಹಣೆಬರಹ ನಿಂತಿರುತ್ತದೆ. ಮನೆಯವರು ದವಾಖಾನೆಯಲ್ಲಿ ಅಳುತ್ತಿರುವಾಗ ಮುಕಾದಮನೋ, ಗಾಡಿ ಮಾಲೀಕನ ಕಡೆಯವನೋ ಹೋಗಿ ದೂರು ಬರೆಸಿ ಬರುತ್ತಾನೆ. ಅದರಲ್ಲಿ ‘ಸತ್ತವನೇ ಟ್ರೇಲರಿನಿಂದ ಜಾರಿ ಬಿದ್ದ’ ಎಂದಿರುತ್ತದೆ. ಇಲ್ಲವೆ ‘ಬೈಕಿನವನೇ ನಿಂತ ಗಾಡಿಗೆ ಬಂದು ಗುದ್ದಿದ’ ಎಂದಿರುತ್ತದೆ. ಸತ್ತವನು ಎದ್ದು ಬಂದು ಅಲ್ಲಗಳೆಯುವುದಿಲ್ಲವಲ್ಲ! ಆದ್ದರಿಂದ ಕಂಡವರನ್ನು, ಗಾಯಗೊಂಡು ಉಳಿದವರನ್ನು ಕರೆದುಕೊಂಡು ನೀವೇ ಹೋಗಿ. ಬಾಯಿಮಾತಿನಲ್ಲಿ ಹೇಳಿದರೂ ಪೊಲೀಸರು ಬರೆದುಕೊಳ್ಳಬೇಕು, ಓದಿ ಹೇಳಬೇಕು, ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅಪಘಾತ ನಮ್ಮ ಹದ್ದಿನಲ್ಲಿ ಆಗಿಲ್ಲ, ಮಹಾರಾಷ್ಟ್ರದ ಕಡೆ ಹೋಗ್ರಿ ಎಂದು ಕಳಿಸುವಂತಿಲ್ಲ. ಹದ್ದು ಯಾವುದೇ ಇದ್ದರೂ ದೂರು ದಾಖಲಿಸಿ ಆಮೇಲೆ ವರ್ಗಾಯಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಬರೆದುಕೊಳ್ಳದಿದ್ದರೆ ಎಸ್.ಪಿ.ಯವರಿಗೆ ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಸತ್ತವನ ಮೇಲೆಯೇ ಕೇಸು ಹಾಕಿ ಮುಚ್ಚಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಕ್ಲೇಮು ನ್ಯಾಯಮಂಡಳಿ ಕ್ರಿಮಿನಲ್ ಕೋರ್ಟಿನ ಹಾಗೆ ಅನುಮಾನವೇ ಉಳಿಯದಂಥ ರುಜುವಾತು ಕೇಳುವುದಿಲ್ಲ, ಯಾವುದು ಹೆಚ್ಚು ಸಂಭವ ಎಂದು ತೂಗುತ್ತದೆ. ರಾತ್ರಿ ದೀಪವಿಲ್ಲದೆ ನಡುರಸ್ತೆಯಲ್ಲಿ ನಿಲ್ಲಿಸಿದ ಟ್ರೇಲರಿಗೂ ತಪ್ಪಿನ ಪಾಲು ಬೀಳುತ್ತದೆ. ಅದಕ್ಕೇ ಆ ಫೋಟೋ ಬೇಕು ಅಂದದ್ದು. ಬೈಕಿನ ಮೇಲೆ ಮೂವರಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರ ಕಡಿತ ಮಾಡಬಾರದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಸ್ಟೆಲಿನ ಗೆಳೆಯರು ಇದನ್ನು ಮೂವರು ಕೂಡಲು ಪರವಾನಗಿ ಎಂದು ತಿಳಿಯಬಾರದು!

2022ರ ಏಪ್ರಿಲ್ 1ರ ನಂತರ ಪೊಲೀಸರ ಮೇಲೂ ದಿನದ ಲೆಕ್ಕ ಇದೆ. ಅಪಘಾತವಾದ 48 ತಾಸಿನೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಹತ್ತು ದಿನದೊಳಗೆ ಸತ್ತವರ ಮನೆಯವರಿಗೆ ಅವರ ಹಕ್ಕುಗಳೇನು ಎಂಬ ಕಾಗದವನ್ನು ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಪೂರ್ಣ ವರದಿ. ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಎಂದು ತೆಗೆದುಕೊಳ್ಳಬಹುದು. ಇದನ್ನು ಕಟ್ಟುನಿಟ್ಟಾಗಿ ಮಾಡಿ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ನಾವು ಆ ಕೇರಿಯಲ್ಲಿ ಕೇಳಿದೆವು, ಹಕ್ಕಿನ ಕಾಗದ ಕೊಟ್ಟರೇನು ಅಂತ. ‘ಹಕ್ಕಿನ ಕಾಗದ ಅಂದ್ರೇನ್ರಿ?’ ಅಂದರು. ಆದ್ದರಿಂದ ಪೊಲೀಸರ ವರದಿ ಹೋಗಿಯೇ ಇರುತ್ತದೆ ಎಂದು ನಂಬಿ ಕೂಡದೆ ನಮ್ಮ ಅರ್ಜಿ ನಾವು ಹಾಕುವುದೇ ಸರಿ. ಜೊತೆಗೆ ಆ ವರದಿಗಳ ನಕಲನ್ನೂ ಕೇಳಿ ಪಡೆಯಬೇಕು.

ಗಾಯಗೊಂಡು ಬದುಕಿದವರ ಬಗ್ಗೆ ಎರಡು ಮಾತು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ದವಾಖಾನೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ಹಣ ಕಟ್ಟದೆ ಚಿಕಿತ್ಸೆ ಎಂಬ ಯೋಜನೆ ಬಂದಿದೆ. ಡಿಪಾಜಿಟ್ ಕೇಳಿದರೆ ಈ ಯೋಜನೆಯ ಹೆಸರು ಹೇಳಿ. ಮಿರಜಿನ ಬಿಲ್ಲುಗಳು, ಔಷಧದ ಚೀಟಿಗಳು, ಗಾಡಿ ಬಾಡಿಗೆಯ ರಸೀದಿ ಒಂದನ್ನೂ ಒಗೆಯಬೇಡಿ. ಕಾಲು ಕಳೆದುಕೊಂಡ ಕಬ್ಬು ಕಡಿಯುವವನಿಗೂ ಕಾಲು ಕಳೆದುಕೊಂಡ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ. ದೇಹದ ಎಷ್ಟು ಭಾಗ ಹೋಯಿತು ಎಂಬುದಕ್ಕಿಂತ ದುಡಿಮೆಯ ಎಷ್ಟು ಭಾಗ ಹೋಯಿತು ಎಂದು ನೋಡಬೇಕೆಂದು 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಾಕ್ಟರರ ಪ್ರಮಾಣಪತ್ರದಲ್ಲಿ ಶೇ. 40 ಎಂದಿದ್ದರೂ ಕಬ್ಬು ಕಡಿಯುವವನಿಗೆ ಅದು ಶೇ. 100 ಆಗಬಹುದು ಎಂದು ವಕೀಲರು ವಾದಿಸಬೇಕು, ವಾದಿಸುವಂತೆ ನಾವು ನೋಡಿಕೊಳ್ಳಬೇಕು.

ಈಗ ಎಲ್ಲಕ್ಕಿಂತ ಕಹಿಯಾದ ಕಾನೂನಿನ ಮಾತು. ನಮ್ಮವರು ಸಾಯುವುದು ಬಸ್ಸಿನಲ್ಲಲ್ಲ, ಸರಕಿನ ಗಾಡಿಯಲ್ಲಿ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲೂಕಿನ ಅರಬೈಲ್ ಘಾಟಿನ ಹತ್ತಿರ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ತರಕಾರಿ ಹಣ್ಣಿನ ಲಾರಿ ಕಮರಿಗೆ ಬಿತ್ತು. ಸರಕಿನ ಮೇಲೆ ಕೂತಿದ್ದ ವ್ಯಾಪಾರಸ್ಥರಲ್ಲಿ ಕನಿಷ್ಠ ಹತ್ತು ಮಂದಿ ಸತ್ತರು. ಬಡ ಮುಸಲ್ಮಾನ ತರಕಾರಿ ವ್ಯಾಪಾರಿಗಳು. ಸರಕಿನ ಗಾಡಿಯಲ್ಲಿ ಕೂತು ಹೋದವನಿಗೆ ಆ ಗಾಡಿಯ ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲ ಎಂದು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆದರೆ ಕೂತವನು ಆ ಸರಕಿನ ಮಾಲೀಕನಾಗಿದ್ದರೆ, ಅಥವಾ ಅವನ ಪ್ರತಿನಿಧಿಯಾಗಿದ್ದರೆ, 1994ರ ತಿದ್ದುಪಡಿಯಿಂದ ಅವನಿಗೆ ರಕ್ಷಣೆ ಇದೆ. ತನ್ನ ತರಕಾರಿಯ ಜೊತೆ ಹೋದವನಿಗೂ ಸುಮ್ಮನೆ ಹತ್ತಿದವನಿಗೂ ಕಾನೂನಿನಲ್ಲಿ ಇಷ್ಟು ಅಂತರ. ಹಾಗಾದರೆ ಕಬ್ಬು ಕಡಿಯುವವನು? ಅವನು ಕಬ್ಬಿನ ಮಾಲೀಕನಲ್ಲ, ಟಿಕೀಟು ತೆಗೆಸಿದ ಪ್ರಯಾಣಿಕನಲ್ಲ. ಕಂಪನಿಯ ವಕೀಲನು ‘ಪುಕ್ಕಟೆ ಕೂತವನು’ ಎಂದು ಬರೆಯುತ್ತಾನೆ. ಇಡೀ ಸೀಮೆಯ ಸಕ್ಕರೆ ಅವನ ಕುಡುಗೋಲಿನಿಂದ ಬರುತ್ತದೆ, ಕಾಗದದಲ್ಲಿ ಅವನು ಪುಕ್ಕಟೆಯವನು!

ಇದಕ್ಕೆ ಬಾಗಿಲುಗಳಿಲ್ಲವೆಂದಲ್ಲ. ಅವನು ಗಾಡಿ ಮಾಲೀಕನ ಹಮಾಲನೋ, ಹೇರುವ ಕೂಲಿಯೋ ಆಗಿದ್ದರೆ, ನೌಕರನೆಂದು ಕೇಳಬಹುದು. ಪಾಲಿಸಿಯಲ್ಲಿ ಹಮಾಲರಿಗೆಂದು ಪ್ರೀಮಿಯಂ ಕಟ್ಟಿದ್ದಾರೆಯೇ ಎಂದು ಪಾಲಿಸಿಯ ಪೂರ್ತಿ ಪ್ರತಿ ತರಿಸಿ ನೋಡಬೇಕು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ದಾರಿ ಹಿಂದೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆದರೆ ಮೋಟಾರು ಕಾಯ್ದೆಯ ದಾರಿ, ಕಾರ್ಮಿಕರ ದಾರಿ, ಎರಡರಲ್ಲಿ ಒಂದನ್ನೇ ಹಿಡಿಯಬೇಕು. ಹೆಚ್ಚು ಹಣ ಎಲ್ಲಿ, ಬೇಗ ಎಲ್ಲಿ ಎಂದು ವಕೀಲರ ಹತ್ತಿರ ಕೂತು ಲೆಕ್ಕ ಹಾಕಿಯೇ ಆರಿಸಬೇಕು. ಇನ್ನು ಟ್ರ್ಯಾಕ್ಟರಿಗೆ ವಿಮೆ ಇದ್ದು ಟ್ರೇಲರಿಗೆ ಇಲ್ಲದಿರುವುದು ನಮ್ಮ ಕಡೆ ಮಾಮೂಲು. ವಿಮೆ ಇಲ್ಲದಿದ್ದರೆ ಮಾಲೀಕನೇ ತನ್ನ ಗಂಟಿನಿಂದ ಕೊಡಬೇಕು. ಅಂಥ ಗಾಡಿಯನ್ನು ಭದ್ರತೆ ಪಡೆಯದೆ ಬಿಡಬಾರದು ಎಂದು ಸುಪ್ರೀಂ ಕೋರ್ಟಿನ 2018ರ ನಿರ್ದೇಶನ ಇದೆ. ಗಾಡಿ ಠಾಣೆಯ ಅಂಗಳದಲ್ಲಿ ನಿಂತಿರುವಾಗಲೇ ಅರ್ಜಿ ಕೊಟ್ಟರೆ ಕೆಲಸಕ್ಕೆ ಬರುತ್ತದೆ. ಬಿಟ್ಟುಹೋದ ಮೇಲೆ ಅದು ಎರಡು ಕೈ ದಾಟಿ ಸೋಲಾಪುರದಲ್ಲಿರುತ್ತದೆ.

ನಮ್ಮ ಆ ಹೆಣ್ಣುಮಗಳ ಕೇಸಿನಲ್ಲಿ ಗಂಡ ಕೂತದ್ದು ಟ್ರೇಲರಿನಲ್ಲಿ, ಗುದ್ದಿದ್ದು ಬೇರೆ ಲಾರಿ. ಆ ಲಾರಿಯ ಮಟ್ಟಿಗೆ ಅವನು ಹೊರಗಿನವನು, ಮೂರನೆಯವನು. ‘ಪುಕ್ಕಟೆ ಕೂತವನು’ ಎಂಬ ವಾದ ಲಾರಿಯ ವಿಮಾ ಕಂಪನಿಗೆ ನಡೆಯುವುದಿಲ್ಲ. ಇಬ್ಬರು ಚಾಲಕರದೂ ತಪ್ಪಿದ್ದರೆ ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಪಾಲಿನ ಜಗಳ ಅವರವರು ಆಮೇಲೆ ನೋಡಿಕೊಳ್ಳಲಿ. ಮುಕಾದಮ ಅವಳಿಗೆ ಹೇಳಿದ್ದು ಟ್ರ್ಯಾಕ್ಟರ್ ಮಾಲೀಕನ ಬಗ್ಗೆ ಮಾತ್ರ. ಲಾರಿಯ ಮಾತನ್ನೇ ಯಾರೂ ಅವಳಿಗೆ ಹೇಳಿರಲಿಲ್ಲ.

ಎಷ್ಟು ಬರುತ್ತದೆ? 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು, ಇವೆರಡರಿಂದ ಲೆಕ್ಕದ ಸೂತ್ರ ಗಟ್ಟಿಯಾಗಿದೆ. ಐದನೇ ಇಯತ್ತೆಯ ಗಣಿತ ಸಾಕು. ತಿಂಗಳ ದುಡಿಮೆ 12,000 ಎಂದು ಹಿಡಿಯಿರಿ. ವಯಸ್ಸು 40ಕ್ಕಿಂತ ಕಡಿಮೆ, ಕೂಲಿ ಕೆಲಸ. ಮುಂದೆ ಕೂಲಿ ಏರುತ್ತಿತ್ತು ಎಂದು ಶೇ. 40 ಕೂಡಿಸಬೇಕು: 16,800. ಹೆಂಡತಿ, ಎರಡು ಮಕ್ಕಳು, ತಾಯಿ, ಹೀಗೆ ನಾಲ್ವರು ಅವನನ್ನೇ ನಂಬಿದ್ದರು. ಆದ್ದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು: 12,600. ವರ್ಷಕ್ಕೆ 1,51,200. ವಯಸ್ಸು 31ರಿಂದ 35ರ ನಡುವೆ ಇದ್ದರೆ 16ರಿಂದ ಗುಣಿಸಬೇಕು: 24,19,200 ರೂಪಾಯಿ. ಇದರ ಮೇಲೆ ಶವಸಂಸ್ಕಾರಕ್ಕೆ, ಆಸ್ತಿ ನಷ್ಟಕ್ಕೆ, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಆಸರೆಗೆ ಬೇರೆ ಮೊತ್ತ, ಜೊತೆಗೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. ಹೆಬ್ಬೆಟ್ಟಿನ ಕಾಗದದಲ್ಲಿದ್ದದ್ದು ಐವತ್ತು ಸಾವಿರ.

ಅದೇ ದುಡಿಮೆಯನ್ನು 8,000 ಎಂದು ಹಿಡಿದರೆ? 16,12,800. ತಿಂಗಳಿಗೆ ನಾಲ್ಕು ಸಾವಿರದ ಅಂತರ ಕೊನೆಗೆ ಎಂಟು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಕಂಪನಿಯವರ ಜಗಳವೆಲ್ಲ ಇಲ್ಲೇ. ಕೂಲಿಯವನ ಹತ್ತಿರ ಪಗಾರದ ಚೀಟಿ ಇರುವುದಿಲ್ಲ. ಗ್ಯಾಂಗಿನ ಲೆಕ್ಕದ ವಹಿ, ಜೊತೆಗೆ ಕಡಿದವರ ಸಾಕ್ಷಿ, ಬ್ಯಾಂಕಿನ ಪಾಸ್‌ಬುಕ್ಕು, ಉದ್ಯೋಗ ಖಾತ್ರಿಯ ಕಾರ್ಡು, ಇವನ್ನು ಒಟ್ಟು ಮಾಡಬೇಕು. ಏನೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ವರ್ಷವಾರು ಅಂದಾಜು ಆದಾಯದ ಪಟ್ಟಿಯೊಂದಿದೆ. ಹೈಕೋರ್ಟೂ ಅದನ್ನು ನೋಡುತ್ತದೆ. ಅದಕ್ಕಿಂತ ಕಡಿಮೆಗೆ ಒಪ್ಪಬಾರದು. ಸತ್ತವಳು ಹೆಂಗಸು, ಮನೆಗೆಲಸ ಮಾತ್ರ ಮಾಡುತ್ತಿದ್ದಳು ಎಂದರೂ ಅವಳ ದುಡಿಮೆಗೆ ಬೆಲೆ ಕಟ್ಟಲೇಬೇಕು ಎಂದು 2021ರ ಕೀರ್ತಿ ಪ್ರಕರಣದ ತೀರ್ಪು ಹೇಳಿದೆ.

ಈ ಸೂತ್ರ ನ್ಯಾಯವೇ ಎಂದು ಕೇಳಿದರೆ ನಮ್ಮ ಉತ್ತರ: ಅಲ್ಲ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಆರು ಮಂದಿ ಸತ್ತರು. ದೊಡ್ಡ ಕಾರು, ಬಲವಾದ ಕಾರು. ಲಾರಿಗೆ ಜಾತಿ ವರ್ಗ ತಿಳಿಯುವುದಿಲ್ಲ, ನಿಜ. ಆದರೆ ಆಮೇಲಿನ ಲೆಕ್ಕಕ್ಕೆ ತಿಳಿಯುತ್ತದೆ. ಹೆಚ್ಚು ಗಳಿಸಿದವನ ಸಾವಿಗೆ ಹೆಚ್ಚು, ಕಡಿಮೆ ಗಳಿಸಿದವನ ಸಾವಿಗೆ ಕಡಿಮೆ. ನಮ್ಮವನ ಗಳಿಕೆಯನ್ನು ಕಡಿಮೆ ಮಾಡಿದ್ದು ಯಾವುದು? ಹೊಲ ಕೊಡದ, ಸಾಲಿ ಕಲಿಸದ, ಕುಡುಗೋಲು ಮಾತ್ರ ಕೈಗಿತ್ತ ವ್ಯವಸ್ಥೆ. ಬದುಕಿದ್ದಾಗ ಕೂಲಿ ಕಡಿಮೆ ಕೊಟ್ಟ ಸಮಾಜ ಸತ್ತಾಗ ಅದೇ ಕೂಲಿಯನ್ನು ಅಳತೆಗೋಲು ಮಾಡುತ್ತದೆ. ಇದರ ಬಗ್ಗೆ ನಮ್ಮ ಜಗಳ ಇದ್ದೇ ಇದೆ. ಆದರೆ ಜಗಳ ಮುಗಿಯುವ ತನಕ ಆ ಇಪ್ಪತ್ನಾಲ್ಕು ಲಕ್ಷವನ್ನು ಬಿಟ್ಟುಕೊಡುವಷ್ಟು ಶ್ರೀಮಂತರು ನಾವಲ್ಲ.

ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಹೆದ್ದಾರಿಯಲ್ಲಿ ಇದೇ ಹೆಚ್ಚು. ಅದಕ್ಕೆ ಕೋರ್ಟು ಬೇಡ, ತಹಶೀಲ್ದಾರರ ಕಚೇರಿ ಸಾಕು. ಸತ್ತವರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್‌ಗಿಂತ ಮೊದಲು ಸಾವಿಗೆ ಬರೀ 25,000 ಇತ್ತು. ತಹಶೀಲ್ದಾರರು ವಿಚಾರಣೆ ಮಾಡಿ ಜಿಲ್ಲಾಧಿಕಾರಿಗೆ ಕಳಿಸಬೇಕು, ಅಲ್ಲಿಂದ ಮಂಜೂರಾಗುತ್ತದೆ. ಗಾಡಿ ಗೊತ್ತಿದ್ದು ತಪ್ಪು ಯಾರದೆಂದು ಸಾಬೀತು ಮಾಡುವುದು ಕಷ್ಟವಾದರೆ 164ನೇ ಕಲಮಿದೆ. ತಪ್ಪಿನ ಪ್ರಶ್ನೆಯೇ ಇಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಸತ್ತವನು ಡ್ರೈವರನೋ ಕ್ಲೀನರನೋ ಆಗಿದ್ದರೆ ರಾಜ್ಯದಲ್ಲಿ ಖಾಸಗಿ ವಾಣಿಜ್ಯ ವಾಹನದ ಕೆಲಸಗಾರರಿಗೆ ಅಪಘಾತ ಪರಿಹಾರದ ಯೋಜನೆ ಇದೆ, ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ವಕೀಲರು ಯಾರು? ಅಪಘಾತವಾದ ಸುದ್ದಿ ನೊಣಕ್ಕಿಂತ ಮೊದಲು ಏಜೆಂಟರಿಗೆ ಮುಟ್ಟುತ್ತದೆ. ದವಾಖಾನೆಯ ಬಾಗಿಲಲ್ಲೇ ಖಾಲಿ ವಕಾಲತ್ನಾಮೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಬಂದದ್ದರಲ್ಲಿ ಮೂವತ್ತು ಪರ್ಸೆಂಟು, ನಲವತ್ತು ಪರ್ಸೆಂಟು ಎಂದು ಮಾತಾಡುತ್ತಾರೆ. ಬಂದದ್ದರಲ್ಲಿ ಪಾಲು ಎಂದು ಫೀ ಮಾತಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ನಮಗೆ ಬೇರೆ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಎಲ್ಲ ಹೆಂಗಸರಿಗೆ, ಮಕ್ಕಳಿಗೆ ಪುಕ್ಕಟೆ ವಕೀಲರನ್ನು ಕೊಡಬೇಕು, ಆದಾಯ ಎಷ್ಟೆಂದು ಕೇಳುವಂತಿಲ್ಲ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಜಾತಿ ಪ್ರಮಾಣಪತ್ರ ಬರೀ ಸ್ಕಾಲರ್‌ಶಿಪ್ಪಿಗಲ್ಲ ಗೆಳೆಯರೆ.

ಲೋಕ ಅದಾಲತ್ತಿನ ಬಗ್ಗೆ ಎಚ್ಚರಿಕೆ. ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿ ಸಹಿ ಮಾಡಿದರೆ ಮೇಲ್ಮನವಿ ಇಲ್ಲ. ಮೇಲೆ ಬರೆದ ಲೆಕ್ಕವನ್ನು ಹಾಳೆಯ ಮೇಲೆ ಮಾಡಿಕೊಂಡು ಹೋಗಿ, ಅದರ ಹತ್ತಿರವಾದರೂ ಬಂದರೆ ಮಾತ್ರ ಒಪ್ಪಿ. ನ್ಯಾಯಮಂಡಳಿಯ ತೀರ್ಪು ಕಡಿಮೆಯಾದರೆ 90 ದಿನದೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಹಣ ಬಂದ ಮೇಲೆ ಅದು ಹೆಂಡತಿಯ ಸ್ವಂತ ಖಾತೆಗೆ, ಮಕ್ಕಳ ಪಾಲು ಅವರು ದೊಡ್ಡವರಾಗುವ ತನಕ ಠೇವಣಿಗೆ. ಮೈದುನನ ಖಾತೆಗೆ ಅಲ್ಲ, ಏಜೆಂಟನ ಖಾತೆಗಂತೂ ಅಲ್ಲವೇ ಅಲ್ಲ.

ರಸ್ತೆ ರೋಕೋ ಮಾಡಬಾರದೇ ಎಂದು ಗೆಳೆಯರು ಕೇಳಿದರು. ಮಾಡಿ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಇದೇ ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು, ಗೋಲಿಬಾರಿಗೆ ಎದೆ ಕೊಟ್ಟರು. ಅದಕ್ಕೂ ಐವತ್ತಾರು ವರ್ಷ ಹಿಂದೆ, 1925ರ ಏಪ್ರಿಲಿನಲ್ಲಿ, ಬಾಬಾಸಾಹೇಬರು ಅದೇ ನಿಪ್ಪಾಣಿಯ ಬಹಿಷ್ಕೃತ ಪರಿಷತ್ತಿಗೆ ಬಂದಿದ್ದರು. ಅವರು ಹೋರಾಟಗಾರರೂ ಹೌದು, ಕರಿ ಕೋಟು ಹಾಕಿ ಕೋರ್ಟಿಗೆ ಹೋಗುವ ವಕೀಲರೂ ಹೌದು. ನಮ್ಮ ರಸ್ತೆ ರೋಕೋಗಳಲ್ಲಿ ಏನಾಗುತ್ತದೆಂದರೆ, ಹೆಣ ಇಟ್ಟುಕೊಂಡು ಕೂಡುತ್ತೇವೆ, ಪುಢಾರಿ ಬರುತ್ತಾನೆ, ಸರಕಾರದಿಂದ ಇಷ್ಟು ಎಂದು ಘೋಷಣೆಯಾಗುತ್ತದೆ, ಎದ್ದು ಮನೆಗೆ ಹೋಗುತ್ತೇವೆ. ಆ ಘೋಷಣೆಯ ಹಣ ಬಂದರೂ ಕ್ಲೇಮಿನ ಹಕ್ಕು ಹೋಗುವುದಿಲ್ಲ ಎಂದು ಹೇಳಲು ಅಲ್ಲಿ ಒಬ್ಬನೂ ಇರುವುದಿಲ್ಲ. ಹತ್ತು ಮಂದಿ ರಸ್ತೆಯ ಮೇಲೆ ಕೂತರೆ ಹನ್ನೊಂದನೆಯವನು ಠಾಣೆಯಲ್ಲಿ ದೂರು ಬರೆಸುತ್ತಿರಲಿ.

ಆ ಕೇರಿಯಲ್ಲಿ ನಾವು ಬೆರಳು ಎಣಿಸಿ ನೋಡಿದೆವು. ಆರು ತಿಂಗಳಿಗೆ ಇನ್ನೂ ಹನ್ನೊಂದು ದಿನ ಉಳಿದಿತ್ತು. ಮರುದಿನ ಅವಳನ್ನೂ ಅವಳ ಅತ್ತೆಯನ್ನೂ ಕರೆದುಕೊಂಡು ಅಥಣಿಯ ಬಸ್ಸು ಹತ್ತಿದೆವು. ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಬರೆದೆವು, ರೇಷನ್ ಕಾರ್ಡು, ಆಧಾರು, ಮರಣ ಪ್ರಮಾಣಪತ್ರ, ತಲಾಠಿ ಕೊಟ್ಟ ವಂಶಾವಳಿ ಲಗತ್ತಿಸಿದೆವು. ವಕೀಲರನ್ನು ನೇಮಿಸಿದರು, ಕಿರಿಯ ವಯಸ್ಸಿನ ಹೆಣ್ಣುಮಗಳು. ಮರಾಠಿ ಕಾಗದಗಳನ್ನು ಕನ್ನಡ ಮಾಡಿ ತನ್ನಿ ಎಂದರು, ನಮ್ಮ ಹಾಸ್ಟೆಲಿನ ಇಬ್ಬರು ರಾತ್ರಿ ಕೂತು ಮಾಡಿದರು. ಎಂಟನೆಯ ದಿನ ಅರ್ಜಿಗೆ ನಂಬರು ಬಿತ್ತು. ಸ್ಟ್ಯಾಂಪ್ ಪೇಪರನ್ನು ಹರಿದು ಒಗೆಯೋಣ ಎಂದರು ಅತ್ತೆ. ವಕೀಲರು ಬೇಡ ಅಂದರು. ಅದನ್ನೂ ಕೋರ್ಟು ನೋಡಲಿ, ಕಾಗದದ ಕಟ್ಟಿನಲ್ಲೇ ಇರಲಿ ಎಂದು ಇಟ್ಟುಕೊಂಡಿದ್ದಾರೆ.